ಎರಡನೇ ರೊಟ್ಟಿ ನಿಮ್ಮದು

"ನನಗ ಏನೂ ಬೇಕು ಅನ್ಸಂಗಿಲ್ರಿ ಮೇಡಂ." ಹೋದ ಚಳಿಗಾಲದಲ್ಲಿ ಆಪ್ತಸಲಹೆಗೆ ಅಂತ ಬಂದು ನನ್ನ ಮುಂದೆ ಕೂತು ಈ ಮಾತು ಹೇಳಿದ ನಾಲ್ಕನೇ ಹೆಣ್ಣುಮಗಳು ಇವರು. ನಾಲ್ವರ ಮನೆತನ ಬೇರೆ, ಓದು ಬೇರೆ, ಕೈಯಲ್ಲಿ ಆಡುವ ದುಡ್ಡೂ ಬೇರೆ. ಮಾತು ಮಾತ್ರ ಒಂದೇ. ಮೂವರಿಗೆ ನಾನು ಹೇಳಿದ್ದು ಅಷ್ಟಾಗಿ ನಾಟಲಿಲ್ಲ. ಇವರಿಂದ ನಾನೇ ಒಂದು ಪಾಠ ಕಲಿತೆ. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತೈದರ ಆಸುಪಾಸು. ತವರು ಆಳಂದ ಕಡೆಯ ಒಂದು ಹಳ್ಳಿ. ಮದುವೆಯಾಗಿ ಕಲಬುರಗಿಗೆ ಬಂದು 22 ವರ್ಷ. ಗಂಡನದು ಕಿರಾಣಿ ಅಂಗಡಿ. ಮನೆಯಲ್ಲಿ ಅತ್ತೆ, ಮೈದುನ, ಓದುವ ಇಬ್ಬರು ಮಕ್ಕಳು. ತಲೆನೋವು, ರಾತ್ರಿ ನಿದ್ದೆ ಇಲ್ಲ ಅಂತ ಡಾಕ್ಟರ್ ಹತ್ತಿರ ಹೋಗಿದ್ದರು. ಥೈರಾಯ್ಡ್ ಸರಿ ಇತ್ತು, ರಕ್ತ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಕೊಟ್ಟರು. ಮೂರು ತಿಂಗಳಾದರೂ ತಲೆನೋವು ಹೋಗಲಿಲ್ಲ ಅಂತ ಆ ಡಾಕ್ಟರೇ ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಮ್ಮಿ ದಿನವಿಡೀ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಅದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಹಾಗಾಗಿ "ಸಾಯಬೇಕು ಅಂತ ಯಾವಾಗಾದರೂ ಅನ್ನಿಸಿದೆಯಾ?" ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು. ಕೇಳಿದರೆ ಜನ ಹಗುರಾಗುತ್ತಾರೆ. ಇವರು "ಇಲ್ರಿ, ಅದೊಂದು ಇಲ್ಲ. ಮಕ್ಕಳು ಅವ" ಅಂದರು. ಮನೆಯಲ್ಲಿ ಹೊಡೆತ ಬಡಿತವೂ ಇರಲಿಲ್ಲ. ಆದರೂ ಒಮ್ಮೆ ಮನೋವೈದ್ಯರಿಗೆ ತೋರಿಸಿದೆ. ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ ಅಂದರು.

ಎರಡನೇ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಖುಷಿ ಕೊಡುವ ಕೆಲಸಗಳ ಒಂದು ಪಟ್ಟಿ ಕೊಟ್ಟೆ. ನಮ್ಮ ವೃತ್ತಿಯಲ್ಲಿ ಇದು ಹಳೆಯ ದಾರಿ. 1970ರ ದಶಕದಲ್ಲಿ ಅಮೆರಿಕದ ಪೀಟರ್ ಲೆವಿನ್ಸನ್ ಮತ್ತವರ ಜೊತೆಗಾರರು ಇಂಥ 320 ಸಂಗತಿಗಳ ಪಟ್ಟಿಯನ್ನೇ ಮಾಡಿದ್ದರು. ಮನಸ್ಸು ಕುಗ್ಗಿದವರು ಖುಷಿಯ ಕೆಲಸ ಬಿಡುತ್ತಾ ಹೋಗುತ್ತಾರೆ, ಬಿಟ್ಟಷ್ಟೂ ಮನಸ್ಸು ಇನ್ನೂ ಕುಗ್ಗುತ್ತೆ, ಹಾಗಾಗಿ ಮನಸ್ಸು ಬರಲಿ ಅಂತ ಕಾಯದೆ ಮೊದಲು ಕೆಲಸ ಶುರು ಮಾಡಿಸಬೇಕು ಅನ್ನೋದು ಅದರ ಹಿಂದಿನ ವಿಚಾರ. ಅದನ್ನು ನಾನು ಇವತ್ತಿಗೂ ನಂಬುತ್ತೇನೆ. ನನ್ನ ಪಟ್ಟಿಯಲ್ಲಿ ಬೆಳಗಿನ ವಾಕಿಂಗ್, ಹಾಡು ಕೇಳೋದು, ಕುಂಡದಲ್ಲಿ ಗಿಡ ಬೆಳೆಸೋದು, ಸಂಜೆ ಅಪ್ಪನ ಕೆರೆ ಕಡೆ ಹೋಗಿಬರೋದು, ಎಲ್ಲ ಇತ್ತು.

ಹದಿನೈದು ದಿನ ಬಿಟ್ಟು ಬಂದರು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ತೆಗೆದು ಟೇಬಲ್ ಮೇಲಿಟ್ಟು ಹೇಳಿದರು: "ಒಂದೂ ಆಗಿಲ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ. ಇದೂ ಒಂದು ಕೆಲಸನೇ ಆತಲ್ರಿ ನನಗ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವರು ಹೇಳಿದ್ದು ಸರಿ ಇತ್ತು. ಮನೆಯವರೆಲ್ಲ ಒಂದೊಂದು ಕೆಲಸ ಹೇಳುತ್ತಾರೆ, ಮೇಡಂ ಕೂಡ ಹತ್ತು ಕೆಲಸ ಬರೆದುಕೊಟ್ಟರು. ಮಾಡಲಿಲ್ಲ ಅನ್ನುವ ಅಪರಾಧಿ ಭಾವ ಬೇರೆ.

ಪಟ್ಟಿ ಪಕ್ಕಕ್ಕೆ ಸರಿಸಿದೆ. ಎಳ್ಳ ಅಮಾವಾಸ್ಯೆ ಇನ್ನೊಂದು ವಾರ ಇತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲುವ ಹಬ್ಬ. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಅಂತ ನಮ್ಮ ಕಡೆ ಹೆಣ್ಣುಮಕ್ಕಳ ಕೈ ಒಂದು ವಾರ ಬಿಡುವಿರಲ್ಲ. ಸುಮ್ನೆ ಮಾತಿಗೆ ಅಂತ ಕೇಳಿದೆ, "ರೊಟ್ಟಿ ಬಡಿಯೋದು ಶುರುವಾಯ್ತಾ?"

ಅಲ್ಲಿಂದ ಅವರ ದನಿ ಬದಲಾಯಿತು.

ದಿನಾ ಬೆಳಿಗ್ಗೆ ಮೂವತ್ತು ಜೋಳದ ರೊಟ್ಟಿ ಬಡಿಯುತ್ತಾರಂತೆ. ಐದಕ್ಕೆ ಏಳುತ್ತಾರೆ. ಎಸರಿಗೆ ನೀರು ಇಡುತ್ತಾರೆ. "ಎಸರು ಸರಿಯಾಗಿ ಕುದ್ದಿಲ್ಲಂದ್ರ ರೊಟ್ಟಿ ಹರೀತದ್ರಿ" ಅಂದರು. ಅದು ನಿಜ. ಗೋಧಿಯ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ನೀರು ಬಿದ್ದಾಗಲೇ ಅದು ಅಂಟು ಹಿಡಿಯೋದು. ಜೋಳದಲ್ಲೂ ಅವರಿಗೆ ಹಿಂಗಾರಿನ ಬಿಳಿ ಮಾಲದಂಡಿಯೇ ಆಗಬೇಕು. ಅಂಗೈ ಬುಡದಿಂದ ನಾದೋದು, ಹಿಟ್ಟು ಉದುರಿಸಿ ತಿರುಗಿಸುತ್ತಾ ಬಡಿಯೋದು, ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರೋದು. ನೀರು ಆರುವ ಹೊತ್ತಿಗೆ ತಿರುವಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. ಹೇಳುತ್ತಾ ಹೇಳುತ್ತಾ ಎರಡೂ ಕೈ ನನ್ನ ಟೇಬಲ್ ಮೇಲೆ ಬಡಿಯುತ್ತಿದ್ದವು. "ಅಂಚಿಗೆ ಹಿಂಗ ಅರಿವಿ ಒತ್ತಿದ್ರ ಸಾಕ್ರಿ, ಪೂರಾ ಉಬ್ಬತದ." ಕಣ್ಣಲ್ಲಿ ಬೆಳಕಿತ್ತು. ಏನೂ ಬೇಕು ಅನ್ನಿಸಲ್ಲ ಅಂದಿದ್ದ ಹೆಂಗಸು ಇವರೇನಾ ಅನ್ನಿಸಿತು.

"ಹಾಗೆ ಉಬ್ಬಿದ ರೊಟ್ಟಿ ಬಿಸಿಬಿಸಿ ಇರುವಾಗಲೇ ನೀವು ತಿಂದಿದ್ದು ಯಾವಾಗ?"

ಕೈ ನಿಂತವು. ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ರಸ್ತೆಯಲ್ಲಿ ಬೋರೆಹಣ್ಣು ಮಾರುವವಳು ಕೂಗುತ್ತಾ ಹೋದಳು.

"ತವರುಮನ್ಯಾಗ್ರಿ. ನಮ್ಮವ್ವ ಒಲಿ ಮುಂದ ಕೂಡಿಸ್ಕೊಂಡು, ಕುಸುಬಿ ಎಣ್ಣಿ ಸವರಿ, ಶೇಂಗಾ ಹಿಂಡಿ ಹಚ್ಚಿ, ಸುತ್ತಿ ಕೈಯಾಗ ಕೊಡತಿದ್ಲು. ಕೈ ಸುಡತಿತ್ತು. ಈ ಕೈಯಿಂದ ಆ ಕೈಗೆ ಹಾಕ್ಕೋತ ತಿಂತಿದ್ದೆ." ಸ್ವಲ್ಪ ತಡೆದು ಹೇಳಿದರು: "ಇಲ್ಲಿಗೆ ಬಂದ ಮ್ಯಾಲ ಇಲ್ರಿ. ಎಲ್ಲಾರದೂ ಆದ ಮ್ಯಾಲ ಉಣ್ಣೋದ್ರಿ. ಅಷ್ಟೊತ್ತಿಗೆ ಆರಿರತಾವ."

22 ವರ್ಷ, ದಿನಕ್ಕೆ ಮೂವತ್ತು. ಬಿಸಿಯಾಗಿ ಒಂದೂ ಇವರ ಬಾಯಿಗೆ ಬಿದ್ದಿಲ್ಲ. ಯಾರೂ ತಿನ್ನಬೇಡ ಅಂದಿರಲಿಲ್ಲ. ಅವರಿಗೂ ತಿನ್ನಬಹುದು ಅಂತ ಹೊಳೆದಿರಲಿಲ್ಲ. ಅವರು ಅತ್ತರು. ನಾನು ನೀರು ಕೊಟ್ಟು ಸುಮ್ಮನೆ ಕೂತೆ.

ಆ ದಿನ ಕೊಟ್ಟ ಸಲಹೆ ಒಂದೇ. ನಾಳೆಯಿಂದ ಮೊದಲನೇ ರೊಟ್ಟಿ ನೀವು ತಿನ್ನಿ, ಹಂಚಿನಿಂದ ಇಳಿದ ಕೂಡಲೇ.

"ಮೊದಲನೇದು ಆಕಳಿಗ್ರಿ" ಅಂದರು ಗಾಬರಿಯಿಂದ. ಅವರ ಮನೆಯಲ್ಲಿ ಅದು ಅತ್ತೆಯ ಕಾಲದಿಂದ ಬಂದ ಪದ್ಧತಿ.

"ಆಯ್ತು. ಮೊದಲನೇದು ಆಕಳಿಗೆ. ಎರಡನೇದು ನಿಮ್ಮದು."

ಗ್ಯಾಸ್ ಸಣ್ಣ ಮಾಡಿ, ಕಿಟಕಿ ಹತ್ತಿರ ನಿಂತು ತಿನ್ನಬೇಕು. ಎಣ್ಣೆ, ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ, ಬೇಕಾದರೆ ಒಂದು ಹೋಳು ಉಳ್ಳಾಗಡ್ಡಿ. ತಿನ್ನುವಾಗ ಬೇರೆ ಕೆಲಸ ಬೇಡ, ಟಿಫಿನ್ ಡಬ್ಬಿ ನೋಡೋದು ಬೇಡ. ಬರೆದಿಡೋದು ಬೇಡ, ನನಗೆ ಲೆಕ್ಕ ಒಪ್ಪಿಸೋದೂ ಬೇಡ. ಒಂದು ದಿನ ತಪ್ಪಿದರೆ ತಪ್ಪಲಿ. ನಾಲ್ಕು ನಿಮಿಷದ ಮಾತು, ಅಷ್ಟೇ.

ಈ ಸಲಹೆ ಬಗ್ಗೆ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೇಸರಪಟ್ಟರು. ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣಬೇಕು, ಗಂಡ ತಟ್ಟೆ ಹಾಕಿಕೊಳ್ಳೋದು ಕಲಿಯಬೇಕು, ಅದನ್ನು ಬಿಟ್ಟು ಅಡುಗೆಮನೆಯಲ್ಲಿ ಕದ್ದು ತಿನ್ನೋ ಹಾಗೆ ಒಂದು ರೊಟ್ಟಿ ತಿನ್ನು ಅಂದರೆ ಅನ್ಯಾಯವನ್ನು ಸಣ್ಣದು ಮಾಡಿದ ಹಾಗಲ್ವಾ ಅಂತ ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಗಂಡನನ್ನು ಕರೆಸಿ ನಾನೂ ಅದನ್ನೇ ಹೇಳಿದ್ದೇನೆ, ಒಮ್ಮೆ ಅಲ್ಲ, ಎರಡು ಸಲ. ಆದರೆ ನನ್ನ ನಂಬಿಕೆ ಹೀಗಿದೆ: ತನ್ನ ನಾಲಿಗೆಗೂ ರುಚಿ ಇದೆ ಅನ್ನೋದನ್ನೇ ಮರೆತವರು ಏನು ಅಂತ ಕೇಳುತ್ತಾರೆ? ಹಕ್ಕು ಕೇಳೋಕೆ ಮೊದಲು ಬೇಕು ಅನ್ನಿಸಬೇಕು. ಆ ಬೇಕು ಅನ್ನೋದು ದೊಡ್ಡ ಮಾತಿನಿಂದ ಹುಟ್ಟಲ್ಲ. ಬಿಸಿ ರೊಟ್ಟಿಯಿಂದ, ಮುಂಜಾನೆಯ ಚಳಿಯಿಂದ, ಮಲ್ಲಿಗೆ ವಾಸನೆಯಿಂದ ಹುಟ್ಟುತ್ತೆ. ಕದ್ದು ತಿನ್ನು ಅಂತಲೂ ನಾನು ಹೇಳಿಲ್ಲ. ಅತ್ತೆ ಕಂಡರೆ ಕಾಣಲಿ, ತಟ್ಟೆ ಮುಚ್ಚಬೇಡಿ ಅಂದಿದ್ದೆ.

ಇನ್ನೊಂದು ಕಾರಣವೂ ಇದೆ. ಖುಷಿಯನ್ನು ಹೊರಗಿನಿಂದ ತಂದು ಹಚ್ಚೋಕೆ ಹೋದರೆ ಅದು ಹೊರೆ ಆಗುತ್ತೆ. ಈಗಾಗಲೇ ದಿನದೊಳಗೆ ಇರೋದನ್ನು ಸವಿಯೋಕೆ ಬೇರೆ ಟೈಮ್ ಬೇಡ, ದುಡ್ಡು ಬೇಡ, ಯಾರ ಪರವಾನಗಿಯೂ ಬೇಡ. ನಮ್ಮ ಊರಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದ ದಿನ ಹೊತ್ತು ಮುಳುಗಿದ ಮೇಲೆ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಒಂದು ಕೊಡ ನೀರು ಚೆಲ್ಲಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದೀರಾ? ಮೊದಲು ಕಲ್ಲಿನಿಂದ ಬಿಸಿ ಹಬೆ ಮೊಣಕಾಲಿನವರೆಗೆ ಏರುತ್ತೆ. ಎರಡನೇ ಕೊಡಕ್ಕೆ ಕಲ್ಲು ತಣ್ಣಗಾಗಿ ಅಂಗಾಲಿನಿಂದ ತಲೆವರೆಗೆ ತಂಪು ಹತ್ತುತ್ತೆ. ಮಣ್ಣಿನ ಗಡಿಗೆಯ ನೀರು, ಮಾಳಿಗೆ ಮೇಲಿನ ಹಾಸಿಗೆ, ಮಿರ್ಗದ (ಮೃಗಶಿರಾ) ಮೊದಲ ಮಳೆಗೆ ಕರಿಮಣ್ಣಿನಿಂದ ಏಳುವ ವಾಸನೆ, ಹೂ ಬಿಟ್ಟು ಹಳದಿಯಾದ ತೊಗರಿ ಹೊಲ, ಹೊಲದಲ್ಲೇ ಸುಟ್ಟು ಅಂಗೈಯಲ್ಲಿ ಉಜ್ಜಿ ತಿನ್ನುವ ಎಳೆ ಜೋಳದ ಸೀತನಿ. ಇದೆಲ್ಲ ವರ್ಷ ವರ್ಷ ಬರುತ್ತೆ. ನಾವು ಮಾತ್ರ ಸಾಲ ತೀರಲಿ, ಮಗಳ ಮದುವೆ ಆಗಲಿ, ಆಮೇಲೆ ಅಂತ ಮುಂದೂಡುತ್ತೇವೆ. ಹದಿನಾಲ್ಕು ವರ್ಷದ ಹಿಂದೆ ಕಟ್ಟಿಸಿದ ಮನೆಯ ಮಾಳಿಗೆ ಮೇಲೆ ಒಂದು ರಾತ್ರಿಯೂ ಮಲಗಿಲ್ಲ ಅಂದ ನಿವೃತ್ತ ನೌಕರರೊಬ್ಬರನ್ನು ನಾನು ನೋಡಿದ್ದೇನೆ. ಮಲಗೋಕೆ ಏನು ಅಡ್ಡಿ ಅಂತ ಕೇಳಿದರೆ ಅವರಿಗೆ ಉತ್ತರವೇ ಇರಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಖಿನ್ನತೆ ಬಲವಾಗಿ ಹಿಡಿದವರಿಗೆ "ಸಣ್ಣಪುಟ್ಟದ್ದರಲ್ಲಿ ಖುಷಿ ಹುಡುಕು" ಅಂತ ಉಪದೇಶ ಮಾಡಬೇಡಿ. ಅವರಿಗೆ ರೊಟ್ಟಿ ಮಣ್ಣಿನ ಹಾಗೆ ಕಾಣುತ್ತೆ, ಅದು ಅವರ ತಪ್ಪಲ್ಲ. ಊಟ ನಿದ್ದೆ ಕೆಟ್ಟಿದ್ದರೆ, ಸಾಯುವ ಮಾತು ಬಂದರೆ, ಮನೆಯಲ್ಲಿ ಹಿಂಸೆ ಇದ್ದರೆ ದಾರಿ ಬೇರೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳಲ್ಲ. 2022ರ ಅಕ್ಟೋಬರ್‌ನಿಂದ ಇದೆ, ಆದರೆ ನನ್ನ ಹತ್ತಿರ ಬರುವ ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ಇವರ ವಿಷಯಕ್ಕೆ ಬರುತ್ತೇನೆ. ಮೊದಲ ವಾರ ಮೂರು ದಿನ ತಿಂದರಂತೆ. ನಾಲ್ಕನೇ ದಿನ ಅತ್ತೆ ನೋಡಿ "ಏನವಾ, ಹೊಟ್ಟಿ ಭಾಳ ಹಸದದೇನು?" ಅಂದರು. ಕುತ್ತಿಗೆಗೆ ಬಂತು, ನುಂಗೋಕಾಗಲಿಲ್ಲ. ಆಮೇಲೆ ಎರಡು ವಾರ ಬಿಟ್ಟೇಬಿಟ್ಟರು. ಸಂಕ್ರಾಂತಿ ಕಳೆದ ಮೇಲೆ ಮತ್ತೆ ಶುರು ಮಾಡಿದರು. ನಾನು ಹೇಳಿರಲಿಲ್ಲ, ತಾವಾಗಿಯೇ. ಅತ್ತೆಗೆ "ಹೂಂ ಅತ್ತಿ, ಹಸದದ" ಅಂತ ಉತ್ತರ ಕೊಟ್ಟರಂತೆ. ಇದನ್ನು ಹೇಳುವಾಗ ಅವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಗಂಡ ಈಗಲೂ ತಟ್ಟೆ ತಾವೇ ಹಾಕಿಕೊಳ್ಳಲ್ಲ. ತಲೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ವಾರಕ್ಕೆ ಎರಡು ರಾತ್ರಿ ನಿದ್ದೆ ಬರಲ್ಲ.

ಮಾರ್ಚ್‌ನಲ್ಲಿ ಬಂದಾಗ ಕೂರುವ ಮೊದಲೇ ಮಾತು ಶುರು ಮಾಡಿದರು. ಕಿಟಕಿ ಹತ್ತಿರ ನಿಂತು ರೊಟ್ಟಿ ತಿನ್ನುವಾಗ ಏನೋ ಕಂಪು ಬಂತಂತೆ. ಬಗ್ಗಿ ನೋಡಿದರೆ ಪಕ್ಕದ ಮನೆಯ ಬೇವಿನ ಗಿಡ ಹೂ ಬಿಟ್ಟಿತ್ತು. ಸಣ್ಣ ಬಿಳಿ ಹೂವು ಕಾಂಪೌಂಡ್ ಗೋಡೆ ಮೇಲೆಲ್ಲ ಉದುರಿದ್ದವು. "ಆ ಗಿಡ ಮೊದಲಿಂದ ಅಲ್ಲೇ ಇತ್ತೇನ್ರಿ ಅಂತ ಮನಿಯವರಿಗೆ ಕೇಳಿದೆ. ನಾನು ಬರೂಕಿಂತ ಮೊದಲಿಂದ ಅದ ಅಂತರಿ!"

ಆ ಹೂವು ಬಳಿದು ತಂದು ನೆರಳಲ್ಲಿ ಒಣಗಿಸುತ್ತಿದ್ದಾರೆ. ಯುಗಾದಿಗೆ ಗಡಿಗೆಯಲ್ಲಿ ಬೇವು, ಅಂದರೆ ಬೇವಿನ ಹೂವಿನ ಪಾನಕ ಮಾಡೋಕೆ. ಮುಂದಿನ ಸಲ ಬರುವಾಗ ನನಗೂ ಒಂದು ಬಾಟಲಿ ತರುತ್ತಾರಂತೆ.