ಆ ಹಳದಿ ಕ್ಯಾಸೆಟ್ಟನ್ನು ಮೊದಲು ಬಿಚ್ಚಿ ನೋಡಿ

ಪತ್ರ: ನಮ್ಮ ಕಾಕಾನ ಟ್ರಂಕಿನಲ್ಲಿ ಹಳದಿ ಬಣ್ಣದ ಸೂಪರ್ ಮಾರಿಯೊ ಟಿವಿ ಗೇಮ್ ಕ್ಯಾಸೆಟ್ ಸಿಕ್ಕಿದೆ. ಸಂಗಡ ರಟ್ಟಿನ ಡಬ್ಬಿಯೂ ಇದೆ. ಡಬ್ಬಿಯ ಮೇಲೆ ಹುಬ್ಬಳ್ಳಿಯ ಅಂಗಡಿಯೊಂದರ ರಬ್ಬರ್ ಸ್ಟ್ಯಾಂಪು, ಪೆನ್ನಿನಲ್ಲಿ ಬರೆದ ದರ. ಅಮೆರಿಕದಲ್ಲಿ ಇಂಥವು ಕೋಟಿಗಟ್ಟಲೆಗೆ ಹೋಗಿವೆ ಎಂದು ಓದಿದೆ. ಪುಣೆಯ ಗೆಳೆಯ ‘ಸ್ಟ್ಯಾಂಪು ಅಳಿಸಿ, ಒಳಗೆ ಮುಟ್ಟದೆ, ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳಿಸು’ ಅನ್ನುತ್ತಾನೆ. ತಮ್ಮ ‘ಹಾಕಿ ಆಡೋಣ’ ಅನ್ನುತ್ತಾನೆ. ಯಾರ ಮಾತು ಕೇಳಲಿ? – ಓದುಗರೊಬ್ಬರು, ಗದಗ-ಬೆಟಗೇರಿ

ಸಂಪಾದಕರ ಉತ್ತರ: ತಮ್ಮನ ಮಾತು ಕೇಳಿ. ಆದರೆ ಆಡುವ ಮೊದಲು ಒಂದಿಷ್ಟು ಕೆಲಸವಿದೆ. ಮತ್ತೆ ಆ ಸ್ಟ್ಯಾಂಪಿನ ತಂಟೆಗೆ ಯಾರನ್ನೂ ಬಿಡಬೇಡಿ.

ನೀವು ಓದಿದ ಸುದ್ದಿ ಸುಳ್ಳಲ್ಲ. 2021ರ ಜುಲೈನಲ್ಲಿ ‘ಸೂಪರ್ ಮಾರಿಯೊ 64’ ಆಟದ ಒಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಮೇಲೆ. ಮರುತಿಂಗಳು ‘ಸೂಪರ್ ಮಾರಿಯೊ ಬ್ರದರ್ಸ್’ ಪ್ರತಿಯೊಂದಕ್ಕೆ 20 ಲಕ್ಷ ಡಾಲರ್ ಬಂತು. ಎರಡೂ ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆ ಒಡೆಯದ ಅಮೆರಿಕದ ಪ್ರತಿಗಳು. ಅಲ್ಲಿ ದುಡ್ಡು ಬಂದದ್ದು ಹೊದಿಕೆಗೆ, ಡಬ್ಬಿಯ ಮೂಲೆ ಮಾಸದೆ ಉಳಿದದ್ದಕ್ಕೆ. ಆಟವಂತೂ ಅಪರೂಪದ್ದಲ್ಲ. 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ಈ ಆಟ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ, ಜಪಾನಿನಲ್ಲೇ 68 ಲಕ್ಷ. ಡಬ್ಬಿಯಿಲ್ಲದ ಬಿಡಿ ಕ್ಯಾಸೆಟ್ ಎಲ್ಲೆಂದರಲ್ಲಿ ಸಿಗುತ್ತದೆ. ಹೋಲಿಸಬೇಕಿದ್ದರೆ ಮಾರಿಯೊ ಮಾಡಿದ ನಿಂಟೆಂಡೊ ಕಂಪನಿಯ 1990ರ ವಿಶ್ವ ಸ್ಪರ್ಧೆಗೆಂದು ಮಾಡಿದ ಕ್ಯಾಸೆಟ್ ನೋಡಿ: ಬೂದು ಬಣ್ಣದವು 90, ಚಿನ್ನದ ಬಣ್ಣದವು 26. ಕಡಿಮೆ ಅಂದರೆ ಅದು.

ನಿಮ್ಮ ಗೆಳೆಯನ ಮಾತಿನಲ್ಲೂ ಹುರುಳಿಲ್ಲದಿಲ್ಲ. ಅಮೆರಿಕದ ಡಬ್ಬಿ, ಹೊದಿಕೆ ಹರಿಯದೆ ಇದ್ದು, ಹಿಂಬದಿಯಲ್ಲಿ ಪ್ಲಾಸ್ಟಿಕ್ ಬೆಸುಗೆ ಇಂಗ್ಲಿಷಿನ ಎಚ್ ಅಕ್ಷರದಂತೆ ಕಂಡರೆ ಬ್ಲೇಡು ಹಚ್ಚಬಾರದು, ಗ್ರೇಡಿಂಗ್‌ಗೆ ಕಳಿಸುವುದೇ ಸರಿ. ಆದರೆ ಜಪಾನಿನಲ್ಲಿ ನಿಂಟೆಂಡೊ ಮಾರಿದ ಫ್ಯಾಮಿಕಾಮ್ ಯಂತ್ರದ ಕ್ಯಾಸೆಟ್ ಡಬ್ಬಿಗಳಿಗೆ ಸಾಮಾನ್ಯವಾಗಿ ಅಂಥ ಹೊದಿಕೆಯೇ ಇರುತ್ತಿರಲಿಲ್ಲ. ನಿಮ್ಮದಂತೂ ತೆರೆದ ಡಬ್ಬಿ.

ಈಗ ಕೈಯಲ್ಲಿರುವುದು ಏನೆಂದು ತಿಳಿಯೋಣ. ಹಳದಿ ಬಣ್ಣ ಏನನ್ನೂ ಸಾಬೀತು ಮಾಡುವುದಿಲ್ಲ. ಜಪಾನಿನ ಅಸಲಿ ಮಾರಿಯೊ ಹಳದಿ, ನಮ್ಮ ಪೇಟೆಗೆ ಬಂದ ನಕಲಿಗಳಲ್ಲೂ ಹಳದಿಯೇ ಬಹಳ. ಕೆಳಗಿನ ಪಿನ್ನು ಎಣಿಸಿ. ಒಂದು ಬದಿಗೆ 30ರಂತೆ 60 ಇದ್ದರೆ ಅದು ಫ್ಯಾಮಿಕಾಮ್ ಜಾತಿ, 72 ಇದ್ದರೆ ಅದೇ ಯಂತ್ರದ ಅಮೆರಿಕ-ಯುರೋಪಿನ ರೂಪವಾದ ಎನ್‌ಇಎಸ್. ಎನ್‌ಇಎಸ್ ಬಿಚ್ಚಲು ಸಾಮಾನ್ಯವಾಗಿ 3.8 ಮಿ.ಮೀ.ನ ವಿಶೇಷ ಸ್ಕ್ರೂಡ್ರೈವರ್, ಗೇಮ್‌ಬಿಟ್ ಬೇಕು. ಫ್ಯಾಮಿಕಾಮಿಗೆ ಸಾಮಾನ್ಯವಾಗಿ ಸ್ಕ್ರೂ ಇರುವುದಿಲ್ಲ, ಒಳಗಿನ ಕೊಕ್ಕೆಗಳ ಮೇಲೆ ಕೂತಿರುತ್ತದೆ. ಹಳೆಯ ಸಿಮ್ ಕಾರ್ಡಿನ ದಪ್ಪದ ಪ್ಲಾಸ್ಟಿಕ್ ಚೂರನ್ನು ಸಂದಿಗೆ ತೂರಿಸಿ ಒಂದೊಂದೇ ಕೊಕ್ಕೆ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ಕೊಕ್ಕೆ ಮುರಿಯುತ್ತದೆ, ಅಂಚು ಕಚ್ಚಿದ ಗುರುತು ಶಾಶ್ವತವಾಗಿ ಉಳಿಯುತ್ತದೆ. ಮೂವತ್ತು ವರ್ಷದ ಪ್ಲಾಸ್ಟಿಕ್ ಚಳಿಯಲ್ಲಿ ಇನ್ನಷ್ಟು ಪೆಡಸು, ಹೀಗಾಗಿ ಬಿಸಿಲೇರಿದ ಮೇಲೆ ಬಿಚ್ಚಿ.

ಒಳಗೆ ಅಸಲಿಯಿದ್ದರೆ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು, ಎಚ್‌ವಿಸಿ ಎಂದು ಶುರುವಾಗುವ ಸಂಖ್ಯೆ, ಉದ್ದನೆಯ ಎರಡು ಕಪ್ಪು ಚಿಪ್ಪು ಕಾಣುತ್ತವೆ. ಒಂದರಲ್ಲಿ 32 ಕೆಬಿ ಆಟದ ಪ್ರೋಗ್ರಾಮು, ಇನ್ನೊಂದರಲ್ಲಿ 8 ಕೆಬಿ ಚಿತ್ರ. ಇಡೀ ಮಾರಿಯೊ ಇಷ್ಟೇ, 40 ಕೆಬಿ. ಎನ್‌ಇಎಸ್ ಆದರೆ ಬೀಗದ ಕೆಲಸ ಮಾಡುವ ಮೂರನೆಯ ಚಿಪ್ಪೂ ಇರುತ್ತದೆ. ನಕಲಿಯಲ್ಲಿ ಸಾಮಾನ್ಯವಾಗಿ ಚಿಕ್ಕ ಬೋರ್ಡು, ಅದರ ಮೇಲೆ ಚಿಪ್ಪು ಮುಚ್ಚಿದ ಕರಿ ಎಪಾಕ್ಸಿ ಅಂಟಿನ ಗುಪ್ಪೆ. ಗುಪ್ಪೆ ಕಂಡಿತೆಂದು ಕೂಡಲೇ ನಕಲಿ ಅನ್ನಬೇಡಿ, ಬೇರೆ ಕಂಪನಿಗಳ ಕೆಲವು ಅಸಲಿ ಕ್ಯಾಸೆಟ್‌ಗಳಲ್ಲೂ ಅದಿದೆ. ಗುಪ್ಪೆಯೂ ಇದ್ದು, ಹೆಸರೂ ಸಂಖ್ಯೆಯೂ ಇಲ್ಲದಿದ್ದರೆ ಮಾತ್ರ ತೀರ್ಮಾನಕ್ಕೆ ಬನ್ನಿ. 1992ರ ‘ಲಿಟಲ್ ಸ್ಯಾಮ್ಸನ್’ನಂಥ ದುಬಾರಿ ಆಟ ಕೊಳ್ಳುವವರು ಬೋರ್ಡಿನ ಫೋಟೊ ಇಲ್ಲದೆ ಹಣ ಕೊಡುವುದಿಲ್ಲ. ಲೇಬಲ್ ಯಾವ ಪ್ರೆಸ್ಸಿನಲ್ಲೂ ಅಚ್ಚಾಗುತ್ತದೆ. ಮುದ್ರಣಕ್ಕೆ ಹೆಸರಾದ ಗದಗಿನವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಪಿನ್ನು ತೊಳೆಯಲು 99% ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿಕಡ್ಡಿ ಸಾಕು. ಪಿನ್ನಿನ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಕಡ್ಡಿ ಬೆಳ್ಳಗೆ ಬರುವ ತನಕ ಬದಲಾಯಿಸುತ್ತಿರಿ. ಕಾಲು ಗಂಟೆ ಒಣಗಲಿ. ಮನೆಯಲ್ಲಿ ಉಳಿದ ಸ್ಯಾನಿಟೈಜರ್ ಬಳಸಬೇಡಿ, ಅದರಲ್ಲಿ ನೀರೂ ಇದೆ, ಗ್ಲಿಸರಿನ್ನೂ ಇದೆ, ಅಂಟು ಉಳಿಯುತ್ತದೆ. ಬ್ರಾಸೊ, ಸ್ಯಾಂಡ್ ಪೇಪರ್ ಎರಡೂ ತೆಳುವಾದ ಚಿನ್ನದ ಲೇಪವನ್ನು ಕಿತ್ತುಹಾಕುತ್ತವೆ. ಆಮೇಲೆ ಅಡಿಯ ಲೋಹ ಕಿಲುಬು ಹಿಡಿಯುವುದು ಬೇಗ. ಎಲ್ಲರೂ ಮಾಡುತ್ತಿದ್ದ ‘ಉಫ್’ ಊದುವುದನ್ನೂ ಬಿಡಿ. ಬಾಯಿಯ ತೇವ ಪಿನ್ನಿಗೆ ವೈರಿ. ಊದಿದಾಗ ಆಟ ಶುರುವಾಗುತ್ತಿದ್ದದ್ದು ಬಹುಮಟ್ಟಿಗೆ ತೆಗೆದು ಮತ್ತೆ ಕೂರಿಸಿದ್ದರಿಂದ.

ಕ್ಯಾಸೆಟ್ ಸುಡುವುದಕ್ಕಿಂತ ಯಂತ್ರ ಸುಡುವುದೇ ಹೆಚ್ಚು. ಜಪಾನಿನ ಫ್ಯಾಮಿಕಾಮ್ ಅಡಾಪ್ಟರ್ 100 ವೋಲ್ಟಿನದು, ನಮ್ಮ 230ಕ್ಕೆ ಸಿಕ್ಕಿಸಿದರೆ ಹೊಗೆಯೇ. ಅದಕ್ಕೆ ಬೇಕಾದದ್ದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ನಡುವಿನ ತುದಿ ಮೈನಸ್. ಅಮೆರಿಕದ ಎನ್‌ಇಎಸ್ ಅಡಾಪ್ಟರ್ ಎಸಿ ಕೊಡುತ್ತದೆ, ಅದನ್ನು ಫ್ಯಾಮಿಕಾಮಿಗೆ ಹಚ್ಚಿದರೆ ಯಂತ್ರ ಹೋಯಿತೆಂದೇ ತಿಳಿಯಿರಿ. ಕ್ಯಾಸೆಟ್ ಹಾಕುವಾಗ, ತೆಗೆಯುವಾಗ ಸ್ವಿಚ್ ಬಂದ್ ಇರಲಿ.

ಆನ್ ಮಾಡಿದಾಗ ಸಂಗೀತ ಸರಿಯಿದ್ದು ಚಿತ್ರ ಚೂರುಚೂರಾದರೆ ಚಿತ್ರದ ಚಿಪ್ಪಿಗೆ ಹೋಗುವ ಪಿನ್ನು ಕೊಳೆ. ಪರದೆ ಒಂದೇ ಬಣ್ಣಕ್ಕೆ ನಿಂತರೆ ಪ್ರೋಗ್ರಾಮಿನ ಕಡೆ ತೊಂದರೆ. ಆಟ ನಡೆದು ಶಬ್ದವೇ ಇಲ್ಲವೆಂದರೆ 45, 46ನೇ ಪಿನ್ನು ನೋಡಿ. ಫ್ಯಾಮಿಕಾಮಿನಲ್ಲಿ ಧ್ವನಿ ಕ್ಯಾಸೆಟ್ಟಿನೊಳಗೆ ಹೊಕ್ಕು ಹೊರಬರುತ್ತದೆ, ಅದು ಬಹಳ ಮಂದಿಗೆ ಗೊತ್ತಿಲ್ಲ. ಮಾರಿಯೊದಲ್ಲಿ ಬ್ಯಾಟರಿ ಇಲ್ಲ. ಆಟ ಉಳಿಸಿಕೊಳ್ಳುವ 1993ರ ‘ಕಿರ್ಬಿಸ್ ಅಡ್ವೆಂಚರ್’ನಂಥವುಗಳಲ್ಲಿ ಇದೆ. ಅದನ್ನು ಬದಲಿಸುವಾಗ ಕಾಲು ಬೆಸೆದ ಸೆಲ್ಲನ್ನೇ ತನ್ನಿ; ಬರಿ ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಚ್ಚಿದರೆ ಸಿಡಿಯಬಹುದು.

ಬೆಲೆಗೆ ಬರೋಣ. ಮಾರುವವರು ಕೇಳುವ ದರ ನೋಡಬೇಡಿ, ಮಾರಾಟವಾಗಿ ಹೋದ ದರ ನೋಡಿ, ಅದೂ ಬಿಡಿ ಕ್ಯಾಸೆಟ್ಟನ್ನು ಬಿಡಿಯದರ ಜೊತೆಗೇ, ಡಬ್ಬಿ-ಪುಸ್ತಿಕೆ ಇರುವುದನ್ನು ಅಂಥದರ ಜೊತೆಗೇ ಹೋಲಿಸಿ. ನಿಮ್ಮದು ನಕಲಿಯೇ ಆದರೆ ಜಗತ್ತಿನ ಪೇಟೆ ಅದಕ್ಕೆ ಬಿಡಿಗಾಸೂ ಕೊಡಲಿಕ್ಕಿಲ್ಲ. ಇಲ್ಲೇ ನಮ್ಮ ತಕರಾರು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿ, ಧಾರವಾಡ, ಹಾವೇರಿಯ ಹುಡುಗರಲ್ಲಿ ಬಹುಪಾಲು ಆಡಿದ್ದು ಈ ನಕಲಿಗಳನ್ನೇ. ನಮ್ಮ ದೇಶದ ‘ಪಾಲ್’ ಪದ್ಧತಿಯ ಟಿವಿಗೆಂದು ಮಾಡಿದ ಆ ಯಂತ್ರಗಳು ಸೆಕೆಂಡಿಗೆ 60ರ ಬದಲು 50 ಫ್ರೇಮ್ ಓಡಿಸುತ್ತಿದ್ದವು. ನಮ್ಮ ಮಾರಿಯೊ ಜಪಾನಿನವನಿಗಿಂತ ಆರರಲ್ಲೊಂದು ಪಾಲು ನಿಧಾನ. ಮೊದಲ ಪರದೆಯಲ್ಲಿ ಎಷ್ಟೋ ಸಲ ನಿಂಟೆಂಡೊ ಹೆಸರೇ ಅಳಿಸಿರುತ್ತಿತ್ತು. ಲಕ್ಷಗಟ್ಟಲೆ ಆಟ ಎಂದು ಬರೆದ ಕ್ಯಾಸೆಟ್ಟಿನಲ್ಲಿ ಬೆರಳೆಣಿಕೆಯ ಆಟಗಳೇ ತಿರುಗಿ ತಿರುಗಿ ಬರುತ್ತಿದ್ದವು. ಇದು ನಮ್ಮ ಊರುಗಳ ಚರಿತ್ರೆ. ಇದನ್ನು ಯಾರು ಬರೆದಿಟ್ಟಿದ್ದಾರೆ?

ಅಮೆರಿಕದ ಅಲಮಗಾರ್ಡೊ ಎಂಬ ಊರನ್ನು ನೋಡಿ. 1983ರಲ್ಲಿ ಅಟಾರಿ ಕಂಪನಿ ಮಾರಾಟವಾಗದ ಕ್ಯಾಸೆಟ್‌ಗಳನ್ನು ಅಲ್ಲಿಯ ಕಸದ ಗುಂಡಿಯಲ್ಲಿ ಹೂತಿತ್ತು. 2014ರ ಏಪ್ರಿಲ್‌ನಲ್ಲಿ ಅಗೆದು ತೆಗೆದರು. ಜಜ್ಜಿ ಹೋದ, ಮಣ್ಣು ಮೆತ್ತಿದ 881 ಕ್ಯಾಸೆಟ್‌ಗಳ ಮಾರಾಟದಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಬಂತು, ಇನ್ನೊಂದು ಕ್ಯಾಸೆಟ್ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯ ಸೇರಿತು. ಅಂಗಡಿಯಲ್ಲಿ ಬೇಡವಾದ ಆಟಕ್ಕೆ ಬೆಲೆ ತಂದದ್ದು ಎಲ್ಲಿಂದ ಬಂತು ಎಂಬ ದಾಖಲೆ. ನಿಮ್ಮ ಡಬ್ಬಿಯ ಸ್ಟ್ಯಾಂಪು ಅಂಥ ದಾಖಲೆಯೇ. ಗ್ರೇಡಿಂಗ್ ಮಾಡುವವರಿಗೆ ಅದು ಕಲೆ, ಅಂಕ ಕಡಿಯುತ್ತಾರೆ. ನಮಗೆ ಅದು ಯಾವ ಪೇಟೆಯಲ್ಲಿ, ಯಾವ ದರಕ್ಕೆ ಮಾರಿತು ಎಂಬುದರ ಏಕೈಕ ಸಾಕ್ಷಿ ಇರಬಹುದು. 1890ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದ, ಶಾಸನ-ತಾಳೆಗರಿ ಕೂಡಿಹಾಕಿದ ಧಾರವಾಡದ ಸೀಮೆಯಲ್ಲಿ ನಿನ್ನೆ ಮೊನ್ನೆಯ ವಸ್ತುಗಳು ಗುಜರಿಗೆ ಹೋಗುತ್ತಿವೆ. ಟಿವಿ ಗೇಮ್ ರಿಪೇರಿ ಬಲ್ಲ ಕೈಗಳೂ ಒಂದೊಂದಾಗಿ ಕಡಿಮೆಯಾಗುತ್ತಿವೆ. ನಾವೋ, ಸಿಕ್ಕಿದ್ದಕ್ಕೆಲ್ಲ ಮೊದಲು ದರ ಕೇಳುತ್ತೇವೆ.

ಇಡುವ ರೀತಿ ಊರಿಗೆ ತಕ್ಕಂತೆ. ಧಾರವಾಡದ ಮಳೆಗಾಲಕ್ಕೆ ಲೇಬಲ್ ಬೂಸು ಹಿಡಿಯುತ್ತದೆ, ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಬೇಕು. ಗದಗಿನಲ್ಲಿ ಎರೆಮಣ್ಣಿನ ಧೂಳೇ ಕಾಟ. ಪಾಲಿಪ್ರೊಪಿಲೀನ್ ಚೀಲ ಹಾಕಿ, ಮೆತ್ತನೆಯ ಪಿವಿಸಿ ಚೀಲ ಬೇಡ, ಅದು ಕಾಲಕ್ರಮದಲ್ಲಿ ಲೇಬಲ್ಲಿಗೆ ಅಂಟುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ. ಸೀರೆಗಳ ಸಂಗಡ ಟ್ರಂಕಿನಲ್ಲಿ ಇಡುವುದಾದರೆ ಡಾಂಬರ ಗುಳಿಗೆ ತೆಗೆದುಬಿಡಿ, ಅದರ ಹಬೆಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತವೆ.

ಬಿಚ್ಚಿದಾಗ ಬೋರ್ಡಿನ ಎರಡೂ ಬದಿ, ಲೇಬಲ್, ಡಬ್ಬಿಯ ಆರೂ ಮುಖ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು ನಮಗೆ ಕಳಿಸಿ. ಕಾಕಾ ಇದ್ದರೆ ಯಾವ ವರ್ಷ, ಯಾವ ಓಣಿಯ ಅಂಗಡಿ ಎಂದು ಕೇಳಿ ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.