ಡಯಾಲಿಸಿಸ್ ಇದ್ದವರು ವಾಕಿಂಗ್ ಮಾಡಬಹುದಾ, ಪೂರ್ತಿ ರೆಸ್ಟೇ ಒಳ್ಳೆಯದಾ?

ವಾರಕ್ಕೆ ಮೂರು ಸಲ ಡಯಾಲಿಸಿಸ್ ಇರುವ ನಿಮ್ಮ ತಂದೆಯನ್ನು ಉಳಿದ ದಿನ ಮಲಗಿಸೇ ಇಡಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ನನ್ನನ್ನು ಹಾಗೆ ಮಲಗಿಸಿಯೇ ಕೆಡಿಸಿದ್ದು.

ನಂದು ಸೋಮ, ಬುಧ, ಶುಕ್ರವಾರ. ಶುರುವಿನಲ್ಲಿ ಕಲಬುರಗಿಯ ಅಪ್ಪನ ಕೆರೆ ಹತ್ತಿರ ಸಂಜೆ ಆರಾಮಾಗಿ ನಡೆಯುತ್ತಿದ್ದೆ. ಮೇ ತಿಂಗಳ ಒಂದು ಭಾನುವಾರ, ಹೊತ್ತು ಮುಳುಗಿದರೂ ಝಳ ಇಳಿದಿರಲಿಲ್ಲ. ನಡೆದು ಬಂದು ಎರಡು ಎಳನೀರು ಕುಡಿದೆ. ಕಿಡ್ನಿಗೆ ಎಳನೀರು ಒಳ್ಳೇದು ಅಂತ ಎಲ್ಲರೂ ಹೇಳುತ್ತಾರಲ್ಲ! ಅದು ಕಲ್ಲಿದ್ದವರಿಗೆ ಹೇಳುವ ಮಾತು. ಒಂದು ದೊಡ್ಡ ಲೋಟ ಎಳನೀರಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ನಮ್ಮ ಕಿಡ್ನಿ ಅದನ್ನು ಹೊರಗೆ ಹಾಕಲ್ಲ, ಮಷಿನ್ನೇ ತೆಗೆಯಬೇಕು. ಶುಕ್ರವಾರ ಬಿಟ್ಟರೆ ಸೋಮವಾರ. ಅಂದರೆ ಭಾನುವಾರ ಸಂಜೆಗೆ ಪೊಟ್ಯಾಸಿಯಂ ಆಗಲೇ ಏರಿ ಕೂತಿರುತ್ತದೆ, ಅದರ ಮೇಲೆ ಇದನ್ನು ಸುರಿದೆ. ರಾತ್ರಿ ಕಾಲು ಎತ್ತಲಾಗಲಿಲ್ಲ, ಎದೆ ಬಡಿತ ಹದ ತಪ್ಪಿತು. ಇಸಿಜಿ ನೋಡಿದವರು ಬೆಳಗಾಗುವವರೆಗೂ ಕಾಯದೆ ಮಷಿನ್‌ಗೆ ಹಾಕಿದರು.

ಮನೆಯಲ್ಲಿ ಬೈಗುಳ ಬಿದ್ದದ್ದು ಎಳನೀರಿಗಲ್ಲ, ವಾಕಿಂಗಿಗೆ. "ನಡದೇ ಹಿಂಗಾಗ್ಯಾದ, ಸುಮ್ನ ಮಕ್ಕೊ" ಅಂದಳು ಅವ್ವ. ನಾನೂ ನಂಬಿದೆ. ಕೆಲವೇ ತಿಂಗಳಲ್ಲಿ ತೊಡೆ ಕರಗಿತು. ನೆಲದ ಮೇಲೆ ಊಟಕ್ಕೆ ಕೂತರೆ ಗೋಡೆ ಹಿಡಿದರೂ ಏಳಲಾಗದೆ, ಎಂಜಲು ಕೈಯಲ್ಲೇ ಮಗನನ್ನು ಕೂಗಬೇಕಾಯಿತು.

ಮತ್ತೆ ಶುರು ಮಾಡಿದ್ದು ಡಯಾಲಿಸಿಸ್ ಬೆಡ್ ಮೇಲೇ. ಡಾಕ್ಟರನ್ನು ಕೇಳಿ, ಕಾಲ ಬುಡದಲ್ಲಿ ಸಣ್ಣ ಪೆಡಲ್ ಇಟ್ಟುಕೊಂಡು ತುಳಿದೆ. ಮೊದಲ ಎರಡು ತಾಸಿನೊಳಗೇ ಮುಗಿಸಬೇಕು, ಮಷಿನ್ ಮೈಯ ನೀರು ತೆಗೆಯುತ್ತಾ ಹೋದಂತೆ ಬಿಪಿ ಬೀಳಬಹುದು. ಫಿಸ್ಟುಲಾ ಕೈ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಕೈ, ಅಲುಗಾಡಬಾರದು. ಡಯಾಲಿಸಿಸ್ ಇಲ್ಲದ ದಿನ ಬಿಸಿಲೇರುವ ಮೊದಲು ನಡಿಗೆ. ಮಾತಾಡುತ್ತಾ ನಡೆಯಲು ಆಗಬೇಕು, ಅಷ್ಟೇ ವೇಗ ಸಾಕು. ಬಡಿತ ಎಣಿಸುವ ವಾಚ್ ನಂಬಿ ಕೂರಬೇಡಿ, ಕೆಲವು ಬಿಪಿ ಮಾತ್ರೆಗಳು ಬಡಿತ ಏರಲು ಬಿಡುವುದಿಲ್ಲ. ಡಯಾಲಿಸಿಸ್ ತಪ್ಪಿದ ದಿನ, ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುವ ದಿನ ಮಾತ್ರ ನಡೆಸಲೇಬೇಡಿ. ಜಿಮ್‌ಗೀಮ್ ಈಗಲೇ ಯಾಕೆ? ಕುರ್ಚಿಯಿಂದ ಎದ್ದು ಕೂರುವುದೇ ಮೊದಲಿಗೆ ಸಾಕಷ್ಟು ಕಸರತ್ತು.

ಪೊಟ್ಯಾಸಿಯಂ, ಹಿಮೋಗ್ಲೋಬಿನ್ ರಿಪೋರ್ಟ್ ಡಾಕ್ಟರಿಗೆ ತೋರಿಸಿ, ಹೃದಯದ ಬಗ್ಗೆಯೂ ಕೇಳಿ. ಅವರು ಹೂಂ ಅಂದರೆ ಮನೆ ಅಂಗಳದಲ್ಲೇ ಶುರು ಮಾಡಿಸಿ. ನಡೆದು ಬಂದು ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲಾ ಸಣ್ಣ ಐಸ್ ತುಂಡು ಚೀಪಲಿ. ಆ ಐಸನ್ನೂ ಡಾಕ್ಟರ್ ಹೇಳಿದ ದಿನದ ನೀರಿನ ಮಿತಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.