ಮೊದಲ ‘ಟೊಕಿಮೆಕಿ ಮೆಮೋರಿಯಲ್’ ಆಡಬೇಕೆ, ಎರಡನೆಯದೇ ಸಾಕೆ?

ಪ್ರಶ್ನೆ: ಕೊನಾಮಿ ಕಂಪನಿಯ ‘ಟೊಕಿಮೆಕಿ ಮೆಮೋರಿಯಲ್’ ಎಂಬ, ಶಾಲಾದಿನಗಳಲ್ಲಿ ಹುಡುಗಿಯ ಮನಗೆಲ್ಲುವ ಪ್ರೇಮದ ವಿಡಿಯೊ ಗೇಮ್ ಸರಣಿಯನ್ನು ಆಡಬೇಕೆಂದಿದ್ದೇನೆ, ಜಪಾನಿ ಓದಲು ಬರುತ್ತದೆ. ಮೊದಲನೆಯದು ಹಳತಾಯಿತು, ಎರಡನೆಯದು ಎಲ್ಲದರಲ್ಲೂ ಮೇಲು, ನೇರವಾಗಿ ಅದನ್ನೇ ಆಡು ಎನ್ನುತ್ತಾರೆ ಗೆಳೆಯರು. ಇದು ಸರಿಯೆ?

ಉತ್ತರ: ಸೌಲಭ್ಯಗಳ ಮಟ್ಟಿಗೆ ನಿಮ್ಮ ಗೆಳೆಯರ ಮಾತು ಸರಿ. ಮೊದಲನೆಯದು 1994ರಲ್ಲಿ ಪಿಸಿ ಎಂಜಿನ್ ಎಂಬ ಗೇಮ್ ಯಂತ್ರಕ್ಕೆ ಬಂದರೆ, 1999ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಎರಡನೆಯದು ಐದು ಸಿ.ಡಿ.ಗಳನ್ನು ತುಂಬಿಕೊಂಡಿತ್ತು. ನಿಮ್ಮ ಪಾತ್ರಕ್ಕೆ ನೀವು ಕೊಟ್ಟ ಹೆಸರನ್ನು ನಾಯಕಿ ತನ್ನದೇ ದನಿಯಲ್ಲಿ ಕರೆಯುವ ವ್ಯವಸ್ಥೆಯೂ ಅದರಲ್ಲಿತ್ತು. ಅಂದಿನ ಯಂತ್ರದಲ್ಲಿ ಅದು ಸಣ್ಣ ಸಾಧನೆಯಲ್ಲ. ಆದರೂ ಮೊದಲನೆಯದನ್ನೇ ಮೊದಲು ಆಡಿ ಎಂಬುದು ನನ್ನ ಸಲಹೆ.

ಎರಡರ ಚೌಕಟ್ಟೂ ಒಂದೇ: ಪ್ರೌಢಶಾಲೆಯ ಮೂರು ವರ್ಷ, ವಾರವಾರವೂ ಓದು, ಕ್ರೀಡೆ, ಕಲೆಗಳ ನಡುವೆ ಸಮಯದ ಹಂಚಿಕೆ, ರಜಾದಿನಗಳಲ್ಲಿ ಭೇಟಿ, ಕೊನೆಗೆ ಪದವಿ ಪ್ರದಾನದ ದಿನ. ಮೊದಲನೆಯದರ ಬಿಗಿ ಇರುವುದು ಈ ಲೆಕ್ಕಾಚಾರದಲ್ಲಿ. ಅದರ ಮುಖ್ಯ ನಾಯಕಿ ಫುಜಿಸಾಕಿ ಶಿಯೋರಿ ನಿಮ್ಮ ಬಾಲ್ಯದ ಗೆಳತಿಯಾದರೂ, ಆರಂಭದಲ್ಲಿ ಜೊತೆಯಲ್ಲಿ ಮನೆಗೆ ಹೋಗೋಣವೆಂದರೆ, ಸ್ನೇಹಿತರು ಏನಾದರೂ ಮಾತಾಡಿಕೊಂಡರೆ ಮುಜುಗರವೆಂದು ನಿರಾಕರಿಸುತ್ತಾಳೆ. ಅವಳ ಮನಸ್ಸು ಗೆಲ್ಲಲು ಎಲ್ಲ ವಿಷಯಗಳಲ್ಲೂ ಮುಂದಿರಬೇಕು. ಆದರೆ ಒಂದೊಂದು ಸಾಮರ್ಥ್ಯ ಬೆಳೆದಂತೆ ಅದಕ್ಕೆ ಸಂಬಂಧಿಸಿದ ಹುಡುಗಿಯೊಬ್ಬಳು ಪರಿಚಯವಾಗುತ್ತಾಳೆ. ವಿಜ್ಞಾನದಲ್ಲಿ ಚುರುಕಾದರೆ ಹಿಮೊ ಯುಯಿನಾ ಎದುರಾಗುವುದು ಹೀಗೆಯೇ. ಪರಿಚಯವಾದವಳನ್ನು ಬಹುಕಾಲ ಕಡೆಗಣಿಸಿದರೆ ಅವಳ ಹೆಸರಿನ ಬಳಿ ಬಾಂಬಿನ ಚಿತ್ರ ಮೂಡುತ್ತದೆ. ಅದು ಸಿಡಿದರೆ ನಿಮ್ಮ ಬಗ್ಗೆ ಕೆಟ್ಟ ಮಾತು ಹಬ್ಬಿ, ಶಿಯೋರಿಯೂ ಸೇರಿದಂತೆ ಎಲ್ಲರ ಒಲವೂ ಇಳಿಯುತ್ತದೆ. ಒಬ್ಬಳಿಗಾಗಿ ಯೋಗ್ಯರಾಗುತ್ತ ಹೋದಷ್ಟೂ ಉಳಿದವರ ಮನಸ್ಸು ನೋಯದಂತೆ ನೋಡಿಕೊಳ್ಳುವ ಹೊಣೆ ಹೆಚ್ಚುತ್ತದೆ. ಇಷ್ಟು ಸರಳ ನಿಯಮಗಳಿಂದ ಇಂಥ ಇಕ್ಕಟ್ಟನ್ನು ಹುಟ್ಟಿಸಿದ ಆಟ ಈ ಪ್ರಕಾರದಲ್ಲಿ ಅಪರೂಪ.

ಎರಡನೆಯದರಲ್ಲಿಯೂ ಬಾಂಬ್ ಇದೆ, ಆದರೆ ಆಟದ ಮನೋಧರ್ಮವೇ ಬೇರೆ. ಅದು ಬಾಲ್ಯದ ದಿನಗಳಿಂದ ಆರಂಭವಾಗುತ್ತದೆ. ಊರು ಬಿಟ್ಟುಹೋದ ಹುಡುಗ ವರ್ಷಗಳ ನಂತರ ಹಿಬಿಕಿನೊ ಪ್ರೌಢಶಾಲೆಗೆ ಸೇರಿದಾಗ, ಬಾಲ್ಯದ ಗೆಳತಿ ಹಿನೊಮೊಟೊ ಹಿಕಾರಿ ಅವನನ್ನು ಮೊದಲಿನಿಂದಲೇ ಆತ್ಮೀಯವಾಗಿ ಕಾಣುತ್ತಾಳೆ. ಶಿಯೋರಿಯ ವಿಷಯದಲ್ಲಿ ‘ಬಾಲ್ಯದ ಗೆಳತಿ’ ಎಂಬುದು ಬಹುಮಟ್ಟಿಗೆ ಹೇಳಿಕೆಯಾಗಿಯೇ ಉಳಿದಿತ್ತು. ಇಲ್ಲಿ ಆ ಬಾಲ್ಯವನ್ನು ನಾವೇ ಆಡಿರುತ್ತೇವೆ. ಕಥೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆಯೆಂದೇ ನಾನು ಭಾವಿಸುತ್ತೇನೆ. ಆದರೆ ಹಿಕಾರಿಯ ಸಲಿಗೆಯ ಬೆಲೆ ತಿಳಿಯುವುದು ಶಿಯೋರಿಯ ನಿರಾಕರಣೆಯನ್ನು ಅನುಭವಿಸಿದವರಿಗೆ. ಕೊನೆಯ ದೃಶ್ಯವೂ ಅಷ್ಟೇ: ಪದವಿ ಪ್ರದಾನದ ದಿನ ಪ್ರೇಮ ನಿವೇದಿಸಿದ ಜೋಡಿ ಸದಾ ಸುಖವಾಗಿರುತ್ತದೆಂಬ ಐತಿಹ್ಯವಿರುವುದು ಮೊದಲನೆಯದರಲ್ಲಿ ಶಾಲೆಯ ಮರಕ್ಕೆ, ಎರಡನೆಯದರಲ್ಲಿ ಗಂಟೆಗೆ, ಹಳೆಯದನ್ನು ಕಂಡವರಿಗೆ ಈ ಬದಲಾವಣೆ ತಾನೇ ಅರ್ಥವಾಗುತ್ತದೆ.

ಮೊದಲ ಆಟದ ಹೊಸ ಆವೃತ್ತಿ 2025ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದಿರುವುದರಿಂದ ಹಳೆಯ ಯಂತ್ರ ಹುಡುಕಬೇಕಾಗಿಲ್ಲ. ಒಂದು ಮಾತು: ಮೊದಲ ಸಲವೇ ಶಿಯೋರಿಯ ಬೆನ್ನು ಹತ್ತಬೇಡಿ. ಒಂದೆರಡು ಸಾಮರ್ಥ್ಯಗಳನ್ನಷ್ಟೇ ಬೆಳೆಸಿ, ಆ ದಾರಿಯಲ್ಲಿ ಪರಿಚಯವಾದವಳೊಂದಿಗೆ ಮೂರು ವರ್ಷ ಮುಗಿಸಿ; ಬಾಂಬಿನ ಲೆಕ್ಕ ಕೈಗೆ ಹತ್ತಿದ ಮೇಲೆ ಶಿಯೋರಿಗಾಗಿ ಎರಡನೆಯ ಸಲ ಆಡಬಹುದು.